ಗೋದಾಮಿನ ಹಗಲಾಟ

ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುವ ಪದ್ಧತಿ ನಾನು ಬೆಳೆದ ಮನೆಯಲ್ಲಿ ಇರಲಿಲ್ಲ. ಕಾಪುವಿನ ಬಿಸಿಲಿಗೆ ಆ ಹೊತ್ತಿನಲ್ಲಿ ಬೆಕ್ಕು ಕೂಡ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ನಮ್ಮ ಚಾವಡಿಯಲ್ಲಿ ಮಾತ್ರ ಒಬ್ಬಳು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಮುಖಕ್ಕೆ ಪೌಡರು ಬಳಿದುಕೊಂಡು ಸೀನುತ್ತಿದ್ದಳು, ಕಾರ್ಕಳದಿಂದ ಬಸ್ಸಿನಲ್ಲಿ ಬಂದಿಳಿದ ಜಾದೂಗಾರ ತನ್ನ ಪಾರಿವಾಳಕ್ಕೆ ನಮ್ಮ ಮನೆಯ ಅಕ್ಕಿ ಹಾಕುತ್ತಿದ್ದ. ಈಗಲೂ ಮಧ್ಯಾಹ್ನ ಎರಡು ಗಂಟೆಯಾದರೆ ನನಗೆ ಎಚ್ಚರ ಹೆಚ್ಚು. ಮಣಿಪಾಲದ ಈ ಕಟ್ಟಡವೆಲ್ಲ ಬಾಗಿಲು ಹಾಕಿ ಮಲಗಿರುವಾಗ ನಾನು ಅಡುಗೆಮನೆಗೂ ಬಾಲ್ಕನಿಗೂ ಸುಮ್ಮನೆ ಓಡಾಡುತ್ತೇನೆ. ಇನ್ನೊಂದು ಚಾಳಿಯೂ ಇದೆ. ಎದುರಿನವರು ಮಾತಾಡುವಾಗ ನನ್ನ ತುಟಿ ಅವರ ಜೊತೆಗೇ ಆಡುತ್ತದೆ, ಸ್ವರ ಮಾತ್ರ ಬರುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಮಕ್ಕಳು ಪುಸ್ತಕ ಓದದೆ ನನ್ನ ಬಾಯಿ ನೋಡಿಕೊಂಡೇ ಪದ್ಯ ಒಪ್ಪಿಸುತ್ತಿದ್ದರಂತೆ. ನಿವೃತ್ತಿಯ ದಿನ ಒಬ್ಬ ಹಳೆಯ ವಿದ್ಯಾರ್ಥಿ ಎದ್ದು ನಿಂತು ಇದನ್ನೇ ಹೇಳಿ ಕೃತಜ್ಞತೆ ಸಲ್ಲಿಸಿದ. ಈ ಎರಡು ಚಾಳಿಗಳನ್ನೂ ನನಗೆ ಕೊಟ್ಟದ್ದು ಅಜ್ಜಿಯ ಗೋದಾಮು.

ನಮ್ಮದು ಮನೆಗಿಂತ ಗೋದಾಮು ದೊಡ್ಡದಾದ ಹಿತ್ತಿಲು. ಅಜ್ಜ ಕೊಬ್ಬರಿ ವ್ಯಾಪಾರ ಮಾಡಿ ಗಟ್ಟಿಯಾಗಿ ಸಂಪಾದಿಸಿದವನು. ನಾನು ಅವನನ್ನು ನೋಡಿದ್ದು ಚಾವಡಿಯ ಗೋಡೆಯ ಮೇಲೆ, ಗಂಧದ ಹಾರದೊಳಗೆ. ಅವನು ಹೋದ ಮೇಲೆ ಅಜ್ಜಿ ವ್ಯಾಪಾರವನ್ನು ತಾನೇ ಹಿಡಿದಳು. ಅವಳಿಗೆ ಸಹಿ ಮಾಡುವುದು ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ, ಆದರೆ ಒಂದು ಹಿಡಿ ಕೊಬ್ಬರಿ ಮೂಸಿ ಅದು ಎಷ್ಟು ಒಣಗಿದೆಯೆಂದು ಹೇಳಬಲ್ಲವಳಾಗಿದ್ದಳು. ಊರಿನವರೆಲ್ಲ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರು. ಅವಳ ಕೈಯಲ್ಲಿ ಹಣವಿಲ್ಲದಿದ್ದರೆ ಬೇರೆ ಏನಾದರೂ ಕರೆಯುತ್ತಿದ್ದರು. ಬೇಲಿಯಾಚೆಯ ಮನೆಗಳ ಮದುವೆಗೆ ಅಕ್ಕಿ, ಬೆಲ್ಲ, ಎಣ್ಣೆ ಎಲ್ಲ ಅವಳಿಂದ ಹೋಗುತ್ತಿತ್ತು. ಧಾರೆಯ ಹೊತ್ತಿಗೆ ಅವಳು ಅಡುಗೆಯ ಚಪ್ಪರದ ಹಿಂದೆ ನಿಂತಿರುತ್ತಿದ್ದಳು. ಯಾರೂ ಹಾಗೆ ನಿಲ್ಲು ಎಂದು ಹೇಳುತ್ತಿರಲಿಲ್ಲ, ಮುಂದೆ ಬಾ ಎಂದೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅಮ್ಮನ ಕನ್ನಡಿಯ ಪಕ್ಕದ ಗೂಡಿನಲ್ಲಿ ಬೆಳ್ಳಿಯ ಕುಂಕುಮದ ಭರಣಿ ಇತ್ತು. ಗೂಡು ಒರೆಸಬೇಕಾದಾಗ ಅಜ್ಜಿ ನನ್ನನ್ನು ಕರೆಯುತ್ತಿದ್ದಳು. ನಾನು ಭರಣಿ ಎತ್ತಿ ಹಿಡಿದುಕೊಳ್ಳಬೇಕು, ಅವಳು ಒರೆಸಬೇಕು, ನಾನು ಮತ್ತೆ ಇಡಬೇಕು. ಇದು ಕೂಡ ಮನೆಗೆಲಸದಲ್ಲಿ ಒಂದು ಎಂದೇ ನಾನು ತಿಳಿದಿದ್ದೆ.

ಆಮೇಲೆ ಯುದ್ಧ ಬಂತು. ಯುದ್ಧ ನಡೆದದ್ದು ಸ್ವಲ್ಪ ದಿನ, ಅದರ ಹೆದರಿಕೆ ಮಾತ್ರ ಬಹಳ ಮೊದಲೇ ಬಂದು ಕೂತಿತ್ತು. ಸಮುದ್ರದ ಕಡೆಗೆ ಒಂದು ಮಿಣುಕು ಬೆಳಕೂ ಕಾಣಬಾರದು ಎಂದು ಡಂಗುರವಾಯಿತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆವು. ಬಂಡೆಯ ಮೇಲಿನ ದೀಪಸ್ತಂಭ ಕತ್ತಲೆಯಲ್ಲಿ ನಿಂತಿತು. ಇಡೀ ರಾತ್ರಿ ಗ್ಯಾಸ್‌ಲೈಟು ಹಚ್ಚಿ ಆಡುವ ಯಕ್ಷಗಾನ ಮೇಳಗಳು ಪೆಟ್ಟಿಗೆ ಕಟ್ಟಿದವು. ನನ್ನ ಅಪ್ಪ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಆ ಹಡಗು ಯಾವ ನೀರಿನಲ್ಲಿ ಇದೆಯೆಂದು ನಮಗೆ ಗೊತ್ತಿರಲಿಲ್ಲ, ಟಪಾಲು ನಿಂತುಹೋಗಿತ್ತು. ಅಜ್ಜಿ ಗಂಡುಮಕ್ಕಳಿಲ್ಲದವಳು, ಅಮ್ಮ ಒಬ್ಬಳೇ ಮಗಳು, ಅಪ್ಪನೇ ಅವಳಿಗೆ ಮಗನ ಹಾಗೆ. ರೇಡಿಯೊದ ಮುಂದೆ ಕೂತು ಹಡಗುಗಳ ಸುದ್ದಿ ಕೇಳುವಾಗ ಅಮ್ಮ ತನ್ನ ಕರಿಮಣಿಯನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಆಚೀಚೆಯ ಮನೆಗಳಲ್ಲೂ ಇದೇ ಕಥೆ: ಗಂಡಸರು ಸೈನ್ಯದಲ್ಲಿ, ಹಡಗಿನಲ್ಲಿ, ಬೊಂಬಾಯಿಯಲ್ಲಿ, ಹೆಂಗಸರು ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತ, ಸುದ್ದಿಗೆ ಕಿವಿ ಕೊಟ್ಟು ಕೂತವರು. ಒಂದು ದಿನ ಅಜ್ಜಿ ರೇಡಿಯೊ ನಿಲ್ಲಿಸಿ, ಗೋದಾಮು ಖಾಲಿ ಮಾಡಿಸಿ ಎಂದಳು.

ರಾತ್ರಿ ಬೆಳಕು ಕೂಡದಾದರೆ ಹಗಲು ಆಡಿದರಾಯಿತು, ಅವಳ ಲೆಕ್ಕ ಇಷ್ಟೇ. ನಮ್ಮ ಕಡೆಯಲ್ಲಿ ಆಟ ಎಂದರೆ ರಾತ್ರಿಯದ್ದು, ಹಗಲಾಟ ಎಂದರೆ ಕೇಳಿದವರು ನಗಬೇಕು. ಅದರ ಮೇಲೆ ಇಲ್ಲಿ ವೇಷ ಹಾಕುವವರು ಹೆಂಗಸರು. ಪ್ರಾರ್ಥನೆ, ಜಾದೂ, ತುಳುವಿನಲ್ಲಿ ಒಂದು ನಗೆಯಾಟ, ಎರಡು ನೃತ್ಯ, ಕೊನೆಗೆ ಕನ್ನಡದಲ್ಲಿ ಒಂದು ಸಣ್ಣ ನಾಟಕ. ಇದನ್ನೆಲ್ಲ ಸೇರಿಸಿ ವೆರೈಟಿ ಎಂದು ಹೆಸರಿಟ್ಟವನು ಜಾದೂಗಾರ. ನಮ್ಮ ಮನೆಮಾತು ತುಳುವಾದರೂ ಗಂಭೀರವಾದದ್ದನ್ನು ಕನ್ನಡದಲ್ಲೇ ಹೇಳಬೇಕು ಎಂದು ಅಜ್ಜಿಯ ಹಟ. ಊರಿನ ಹಿರಿಯರು ನಾಲ್ಕು ಜನ ಬಿಳಿ ಪಂಚೆಯುಟ್ಟು ಬಂದು, ಹೆಣ್ಣುಮಕ್ಕಳನ್ನು ಕುಣಿಸುವುದು ನಿಲ್ಲಿಸಬೇಕು ಎಂದರು. ಅಜ್ಜಿ ಅವರಿಗೆ ಬೆಲ್ಲ ನೀರು ಕೊಟ್ಟಳು.

"ಇದು ಹರಕೆ ಆಟ. ಅಳಿಯ ಕಡಲಿನಲ್ಲಿ ಇದ್ದಾನೆ. ಅವನು ಬರುವವರೆಗೆ ಆಡಿಸ್ತೇನೆ ಅಂತ ಹೇಳಿಕೊಂಡಿದ್ದೇನೆ. ನಿಲ್ಲಿಸಿ ಅಂತ ನೀವು ಹೇಳುವುದಾದರೆ ನಿಲ್ಲಿಸುವ. ಹೆಚ್ಚುಕಡಿಮೆ ಆದರೆ ನಿಮ್ಮ ತಲೆಗೆ."

ಹರಕೆಗೆ ಅಡ್ಡ ಬರುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಬೆಲ್ಲ ನೀರು ಕುಡಿದು ಹೋದರು. ಅಜ್ಜಿ ಯಾವ ದೈವದ ಎದುರಿಗೂ ಹಾಗೆ ಹೇಳಿಕೊಂಡಿರಲಿಲ್ಲ. ಅವರು ಗೇಟು ದಾಟಿದ ಮೇಲೆ ಅಮ್ಮನೂ ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕದ್ದು ನನಗೆ ನೆನಪಿದೆ. ಆದರೆ ದಿನವೂ ಒಬ್ಬರಲ್ಲ ಒಬ್ಬರು ಬಂದು ಹರಕೆ ಹೇಗೆ ನಡೆಯುತ್ತಿದೆ ಎಂದು ಕೇಳುತ್ತಿದ್ದರು, ಅವಳು ದಿನವೂ ಉತ್ತರ ಹೇಳುತ್ತಿದ್ದಳು. ಹಾಗೆ ಹೇಳುತ್ತ ಹೇಳುತ್ತ ಮೊದಲು ನಂಬಿದವಳು ಅವಳೇ ಎಂದು ಈಗ ಅನ್ನಿಸುತ್ತದೆ.

ಗೋದಾಮಿನ ಮಾಡಿನಲ್ಲಿ ನಾಲ್ಕು ಹೆಂಚು ತೆಗೆದು ಗಾಜು ಕೂರಿಸಿದ್ದರು, ಅಲ್ಲಿಂದ ಬೀಳುವ ಬಿಸಿಲೇ ರಂಗದ ದೀಪ. ಉಳಿದ ಕೆಲವು ಕೊಬ್ಬರಿ ಮೂಟೆಗಳನ್ನು ಒಟ್ಟಿ ಮೇಲೆ ಹಲಗೆ ಹಾಸಿದರೆ ವೇದಿಕೆ. ನಾಟ್ಯ ಮಾಡುವವಳ ಕಾಲಿಗೆ ಎಣ್ಣೆ ಜಿಡ್ಡು ಹತ್ತಿ ಜಾರುತ್ತಿತ್ತು, ಅದಕ್ಕೆ ಬೂದಿ ಚೆಲ್ಲುವ ಕೆಲಸ ನನ್ನದು. ನೋಡಲು ಬರುವ ಹೆಂಗಸರು ಬೀಡಿಯ ಮೊರವನ್ನು ಮನೆಯಲ್ಲಿ ಬಿಟ್ಟು ಬರುವವರಲ್ಲ. ಮೊರ ತೊಡೆಯ ಮೇಲೆ, ಕತ್ತರಿ ಕೈಯಲ್ಲಿ, ಕಣ್ಣು ಮಾತ್ರ ವೇದಿಕೆಯ ಕಡೆಗೆ. ನಮ್ಮ ಕಡೆಯ ಮುಸಲ್ಮಾನರಾದ ಬ್ಯಾರಿ ಹೆಂಗಸರಿಗೆ ಎಡಗಡೆಯ ಜಾಗ, ಅವರ ನಾಯಕಿ ಬೀಪಾತುಮ್ಮ. ಅವಳು ಬೀಡಿಗೆ ನೂಲು ಸುತ್ತುತ್ತಲೇ ಪಾತ್ರಗಳಿಗೆ ಬುದ್ಧಿ ಹೇಳುತ್ತಿದ್ದಳು, ಅದನ್ನು ಕೇಳಲೆಂದೇ ಕೆಲವರು ಬರುತ್ತಿದ್ದರು. ಅಜ್ಜಿ ಒಂದು ಕುರ್ಚಿ ಹಾಕಿಕೊಂಡು ವೇದಿಕೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಕತ್ತರಿಯ ಸದ್ದು. ಎಲೆ ಕತ್ತರಿಸುವ ಕಚಕಚ ನಡೆಯುತ್ತಿದ್ದರೆ ಆಟ ಸಪ್ಪೆ, ಸದ್ದು ನಿಂತರೆ ಗೆದ್ದಂತೆ. ಸಪ್ಪೆಯಾದ ಜಾಗವನ್ನು ಸಂಜೆ ಉಯ್ಯಾಲೆಯಲ್ಲಿ ಕೂತು ಬದಲಿಸುತ್ತಿದ್ದಳು. ಅವಳು ಬಾಯಲ್ಲಿ ಹೇಳುವುದು, ಅಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಮರುದಿನ ಅಮ್ಮ ಎಲ್ಲರಿಗೂ ಕಲಿಸುವುದು. ಒಂದು ಮಾತನ್ನೂ ಯಾರೂ ಬರೆದಿಡಲಿಲ್ಲ. ಅಮ್ಮ ಪರದೆಯ ಹಿಂದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುತ್ತಿದ್ದಳು. ಅವಳ ಸೆರಗಿನ ಕೆಳಗೆ ನಿಂತು ನನ್ನ ತುಟಿ ಕಲಿತದ್ದು ಅಲ್ಲಿಯೇ.

ಅಜ್ಜಿಯ ತಮ್ಮ, ಅಮ್ಮನ ಕಾರ್ಕಳದ ಮಾವ, ಒಂದು ದಿನ ಊಟದ ಹೊತ್ತಿಗೆ ಬಂದ. ಬಂಗುಡೆ ಸಾರಿನ ಮುಂದೆ ಕೂತು, ಅನ್ನ ಕಲಸದೆ ಮಾತು ಶುರು ಮಾಡಿದ. ಹುಡುಗರು ಗಡಿಯಲ್ಲಿ ಸಾಯುತ್ತಿರುವಾಗ ಇಲ್ಲಿ ಗೆಜ್ಜೆ ಕಟ್ಟುವುದು ಯಾವ ಮರ್ಯಾದೆ, ಕುಟುಂಬದ ಹೆಸರು ಏನಾಗಬೇಕು ಎಂದು ಅವನ ಪ್ರಶ್ನೆ. ಅಜ್ಜಿ ಅವನ ಬಟ್ಟಲಿಗೆ ಇನ್ನೊಂದು ಮೀನು ಹಾಕಿದಳು.

"ಆ ಹುಡುಗರ ಹೆಂಡತಿಯರೇ ಇಲ್ಲಿ ಬಂದು ಕೂರುವುದು. ಅವರು ಎಂತ ಮಾಡಬೇಕು ಮಾರಾಯ, ರೇಡಿಯೊ ಕೇಳಿ ಕೇಳಿ ಹುಚ್ಚು ಹಿಡಿಸಿಕೊಳ್ಳಬೇಕಾ? ನೀನು ಉಣ್ಣು. ಆರಿದ ಮೀನು ನಾಯಿಗೂ ಬೇಡ."

ಮಾವ ಉಂಡ. ಕೈ ತೊಳೆದು, ಗೋದಾಮಿಗೆ ಬಂದು ಕಂಬದ ಮರೆಯಲ್ಲಿ ನಿಂತು ಕೊನೆಯವರೆಗೂ ನೋಡಿ, ಯಾರಿಗೂ ಹೇಳದೆ ಬಸ್ಸು ಹತ್ತಿದ.

ಅಜ್ಜಿ ಕಟ್ಟಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕಡವಿನ ನಾಟಕ. ಕೆಮ್ಮಣ್ಣಿನ ಹೊಳೆಯಲ್ಲಿ ದೋಣಿ ದಾಟಿಸುವವನೊಬ್ಬ ಸತ್ತುಹೋಗುತ್ತಾನೆ, ಅವನ ಹೆಂಡತಿ ಹುಟ್ಟು ಹಿಡಿಯುತ್ತಾಳೆ. ಬೊಟ್ಟಿಲ್ಲದವಳ ದೋಣಿ ಹತ್ತಿದರೆ ಕೆಲಸ ಕೆಡುತ್ತದೆ ಎಂದು ಜನ ದಡದಲ್ಲೇ ನಿಲ್ಲುತ್ತಾರೆ. ಆಗ ಅವಳು ಹೇಳುವ ಮಾತು:

"ಹತ್ತುವವರು ಹತ್ತಿ. ಹತ್ತದವರು ದಡದಲ್ಲೇ ನಿಲ್ಲಿ, ಬಿಸಿಲಿಗೂ ಯಾರಾದರೂ ಬೇಕಲ್ಲ. ಗಂಡ ಇದ್ದಾಗ ಈ ದೋಣಿಯ ತಳದ ನೀರು ಎತ್ತಿ ಚೆಲ್ಲಿದವಳು ನಾನು. ಅವನು ಹೋದ ಮೇಲೆ ಹೊಳೆಯೇನೂ ಆಳವಾಗಲಿಲ್ಲ. ನೀರಿಗೆ ನನ್ನ ಹಣೆ ಕಾಣುವುದಿಲ್ಲ. ನೀರಿಗೆ ಗೊತ್ತಿರುವುದು ನನ್ನ ಕೈ ಮಾತ್ರ."

ಈ ಮಾತಿಗೆ ಗೋದಾಮಿನಲ್ಲಿ ಒಂದು ಕತ್ತರಿಯೂ ಆಡುತ್ತಿರಲಿಲ್ಲ. ವೇಷ ಹಾಕುತ್ತಿದ್ದವಳು ಲೀಲಾ, ಬೀಡಿ ಕಟ್ಟುವ ಮನೆಯ ಹುಡುಗಿ, ಮದುವೆಯಾಗದವಳು. ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ಮನೆಯಲ್ಲಿ ಅರೆಯುವ ಕಲ್ಲಿನ ಮುಂದೆ ಕೂತು ಅಮ್ಮ ತನಗೆ ತಾನೇ ಅದನ್ನು ಹೇಳಿಕೊಳ್ಳುವಾಗ ನಾನು ಕೇಳಿದ್ದೇನೆ. ಗುಂಡುಕಲ್ಲು ತಿರುಗುವುದು ಮೆಲ್ಲಗೆ ನಿಲ್ಲುತ್ತಿತ್ತು, ಅವಳ ಸ್ವರ ಇಳಿಯುತ್ತಿತ್ತು, ಕೊನೆಯ ಮಾತಿಗೆ ಅವಳು ಮಸಾಲೆ ಹತ್ತಿದ ತನ್ನ ಕೈಯನ್ನೇ ನೋಡುತ್ತಿದ್ದಳು. ಲೀಲಾ ಹೇಳಿದರೆ ಅದು ನಾಟಕ. ಅಮ್ಮ ಹೇಳಿದರೆ ನನಗೆ ಹೊಳೆಯೇ ಕಾಣುತ್ತಿತ್ತು. ಅವಳಿಗೆ ಆ ಪಾರ್ಟು ಎಷ್ಟು ಬೇಕಾಗಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಅದರ ಬದಲು ನಗೆಯಾಟದ ಪಾರ್ಟು ಕೊಡುತ್ತೇನೆಂದು ಅಜ್ಜಿ ಹೇಳಿದರೆ ಅಮ್ಮ ಬೇಡ ಎಂದಿದ್ದಳು.

ಒಂದು ಮಧ್ಯಾಹ್ನ ಲೀಲಾಳಿಗೆ ಮಂಗನಬಾವು ಬಂದು ಎರಡೂ ಕೆನ್ನೆ ಊದಿಕೊಂಡವು. ಗೋದಾಮು ತುಂಬಿತ್ತು, ಪಡುಬಿದ್ರಿ ಕಡೆಯಿಂದಲೂ ಹೆಂಗಸರು ಬಂದಿದ್ದರು. ವೇದಿಕೆಯ ಹಿಂದಿನ ತೂಕದ ಕೋಣೆಯೇ ನಮ್ಮ ಬಣ್ಣದ ಕೋಣೆ. ನಾನು ಬೂದಿಯ ತಟ್ಟೆ ಇಡಲು ಒಳಗೆ ಹೋದರೆ ಅಮ್ಮ ಕನ್ನಡಿಯ ಮುಂದೆ ಕೂತಿದ್ದಳು. ಮಾಸಿದ ಸೀರೆ ಉಟ್ಟಿದ್ದಳು. ಬಳೆ ತೆಗೆದಿದ್ದಳು, ಕರಿಮಣಿ ಬಿಚ್ಚಿ ಮನೆಯಿಂದ ತಂದಿದ್ದ ಬೆಳ್ಳಿಯ ಭರಣಿಯ ಪಕ್ಕದಲ್ಲಿ ಇಟ್ಟಿದ್ದಳು. ಹಣೆ ಒರೆಸಿಕೊಂಡಿದ್ದಳು, ಕುಂಕುಮ ಇದ್ದ ಜಾಗ ಮಾತ್ರ ಉಳಿದ ಮುಖಕ್ಕಿಂತ ಬೆಳ್ಳಗೆ ಇತ್ತು. ನನಗೆ ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಅವಳು ಬಹಳ ಚಂದ ಕಂಡಳು. ಬೀಪಾತುಮ್ಮ ಅವಳ ಸೆರಗಿಗೆ ಪಿನ್ನು ಹಾಕುತ್ತಿದ್ದಳು. ಆಗ ಅಜ್ಜಿ ಬಂದಳು, ಬಾಗಿಲಲ್ಲೇ ನಿಂತಳು.

"ಇದೆಂತ ಸುಮತಿ?"

"ಲೀಲಾಳಿಗೆ ಆಗುವುದಿಲ್ಲ ಅಮ್ಮ. ನನಗೆ ಪಾರ್ಟು ಬರ್ತದೆ."

"ಕುಂಕುಮ ಹಚ್ಚು."

ಕುಂಕುಮ ಹಚ್ಚಿಕೊಂಡ ವಿಧವೆಯನ್ನು ಕಂಡರೆ ಜನ ನಗುತ್ತಾರೆ ಎಂದಳು ಅಮ್ಮ. ಬೀಪಾತುಮ್ಮ ಬಾಯಲ್ಲಿದ್ದ ಪಿನ್ನು ತೆಗೆದು ನಡುವೆ ಬಾಯಿ ಹಾಕಿದಳು. ತನ್ನ ಹಣೆ ಹುಟ್ಟಿದಾಗಿನಿಂದ ಖಾಲಿ, ಗಂಡ ಗುಂಡುಕಲ್ಲಿನ ಹಾಗೆ ಇದ್ದಾನೆ, ಬೆಳಿಗ್ಗೆ ಎರಡು ಬಟ್ಟಲು ಗಂಜಿ ಉಂಡು ಹೋಗಿದ್ದಾನೆ ಎಂದಳು. ಬೇರೆ ದಿನವಾಗಿದ್ದರೆ ಅಜ್ಜಿ ಅದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವತ್ತು ಅವಳಿಗೆ ಕೇಳಿಸಲೇ ಇಲ್ಲ. ಅವಳು ನೋಡುತ್ತಿದ್ದದ್ದು ಅಮ್ಮನ ಹಣೆಯನ್ನು.

"ನೀವೇ ಕಟ್ಟಿದ ಮಾತು ಅಲ್ವಾ ಅಮ್ಮ? ನೀರಿಗೆ ಹಣೆ ಕಾಣುವುದಿಲ್ಲ ಅಂತ?"

"ನೀರಿಗೆ ಕಾಣುವುದಿಲ್ಲ. ನನಗೆ ಕಾಣ್ತದೆ."

ಭರಣಿ ಎತ್ತಿಕೊಡಲು ಅಜ್ಜಿ ಕರೆಯುತ್ತಾಳೆಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ಕರೆಯಲಿಲ್ಲ. ತಾನೇ ಮುಚ್ಚಳ ತೆಗೆದಳು. ಅಜ್ಜ ಹೋದಾಗಿನಿಂದ ಕುಂಕುಮ ಮುಟ್ಟದ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಅಮ್ಮನ ಹಣೆಗೆ ಒತ್ತಿ ಹಿಡಿದಳು. ಬಹಳ ಹೊತ್ತು ಹಿಡಿದಳು. ಕುಂಕುಮ ಅಮ್ಮನ ಮೂಗಿನ ಮೇಲೆ, ಮಾಸಿದ ಸೀರೆಯ ಮೇಲೆ ಉದುರಿತು. ಗೋಡೆಯಾಚೆ ಕತ್ತರಿಗಳು ಕಚಕಚ ಎನ್ನುತ್ತ ಕಾಯುತ್ತಿದ್ದವು. ಆಮೇಲೆ ಅಜ್ಜಿ ವೇದಿಕೆ ಹತ್ತಿ, ಇವತ್ತಿಗೆ ಆಟ ಇಷ್ಟೇ ಎಂದು ಹೇಳಿದಳು. ಅವಳು ಆ ಹಲಗೆಗಳ ಮೇಲೆ ನಿಂತದ್ದು ಅದೊಂದೇ ಸಲ. ಹೆಂಗಸರು ಮೊರ ಎತ್ತಿಕೊಂಡು ಹೋದರು. ಮರುದಿನ ಪರದೆ ಇಳಿಯಿತು, ಹಲಗೆ ಹಿತ್ತಿಲಿಗೆ ಹೋಯಿತು, ಗೋದಾಮಿನಲ್ಲಿ ಮತ್ತೆ ಕೊಬ್ಬರಿ ತುಂಬಿತು.

ಅಪ್ಪ ಬಂದ. ಯುದ್ಧ ಮುಗಿದಿತ್ತು, ನಮ್ಮ ಕಿಟಕಿಯ ಕಪ್ಪು ಕಾಗದ ಇನ್ನೂ ಪೂರ್ತಿ ಬಿಡಿಸಿರಲಿಲ್ಲ, ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಅಮ್ಮ ಓಡಿ ಹೋಗುವಾಗ ಮೆಟ್ಟಿಲಲ್ಲಿ ಎಡವಿದಳು. ಅಜ್ಜಿ ಊರಿಗೆಲ್ಲ ಕಾಯಿಸಕ್ಕರೆ ಹಂಚಿ, ಹರಕೆ ಸಂದಿತು ಎಂದಳು. ಆಟ ನಡುವೆಯೇ ನಿಂತದ್ದನ್ನು ಯಾರೂ ಎತ್ತಲಿಲ್ಲ. ಅಪ್ಪನನ್ನು ಉಳಿಸಿದ್ದು ಅವಳ ಹೆಬ್ಬೆರಳು ಎಂದು ನೆರೆಕರೆಯವರೆಲ್ಲ ಒಪ್ಪಿದರು. ಅಪ್ಪ ಜೀವಂತವಾಗಿ ಎದುರಿಗೆ ಕೂತು ಮೀನು ಉಣ್ಣುತ್ತಿರುವಾಗ ಅಮ್ಮ ಅದಕ್ಕೆ ಏನೆಂದು ವಾದ ಮಾಡಬೇಕು? ಅರೆಯುವ ಕಲ್ಲು ಅಂದಿನಿಂದ ಒಂದೇ ಸಮನೆ ತಿರುಗಿತು. ಕೇಳಬೇಕಾದದ್ದು ನಿಂತುಹೋದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನಾನು ಕೊಟ್ಟಿಗೆಯ ಹಿಂದೆ ನಿಂತು ಆ ಕಡವಿನ ಮಾತನ್ನು ನನಗೆ ನಾನೇ ಹೇಳಿಕೊಂಡು, ಅದು ಅಮ್ಮನ ಹಾಗೆ ಕೇಳಿಸುವುದಿಲ್ಲ ಎಂದು ಅತ್ತಿದ್ದೇನೆ.

ನನಗೆ ಅಜ್ಜಿಯ ಮೇಲೆ ಬಹಳ ವರ್ಷ ಸಿಟ್ಟಿತ್ತು. ಊರಿಗೆಲ್ಲ ಧೈರ್ಯ ಹಂಚಿ ತನ್ನ ಮಗಳಿಗೆ ಉಳಿಸಲಿಲ್ಲವಲ್ಲ ಎಂದು. ನನಗೂ ಮಕ್ಕಳಾದ ಮೇಲೆ ಆ ಸಿಟ್ಟು ಹಿಡಿದಿಡಲು ಆಗಲಿಲ್ಲ. ಖಾಲಿ ಹಣೆಯಿಂದ ಏನೇನು ಕಳೆದುಹೋಗುತ್ತದೆ ಎಂದು ಚಪ್ಪರದ ಹಿಂದೆ ನಿಂತು ನೋಡಿದವಳು ಅವಳು. ಮಗಳ ಮುಖದಲ್ಲಿ ಒಂದು ಗಳಿಗೆ ಅದನ್ನು ಕಂಡೇ ಅವಳ ಬೆರಳು ಭರಣಿಗೆ ಹೋಗಿರಬೇಕು. ಆದರೂ ನನ್ನ ಅಮ್ಮ ಒಮ್ಮೆ ಆ ಹಲಗೆಗಳ ಮೇಲೆ ನಿಲ್ಲಬೇಕಿತ್ತು. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ನಾನು ಮುದುಕಿಯಾದೆ.

ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡ, ಮನೆಯಲ್ಲೇ, ನಿದ್ದೆಯಲ್ಲಿ. ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಅಜ್ಜಿ ಉಯ್ಯಾಲೆಯಿಂದ ಎದ್ದು ಬಂದು ಅಮ್ಮನ ಎದುರಿಗೆ ನೆಲದ ಮೇಲೆ ಕೂತಳು.

"ಇನ್ನು ಅಡ್ಡಿ ಇಲ್ಲ ಅಲ್ವಾ ಸುಮತಿ. ಒಮ್ಮೆ ಹೇಳು."

ಯಾವುದನ್ನು ಎಂದು ಯಾರೂ ಕೇಳಲಿಲ್ಲ. ಅಮ್ಮ ಅವಳ ಮುಖ ನೋಡಿ, ಎದ್ದು, ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ಆಮೇಲೂ ಅಜ್ಜಿ ಕೇಳುತ್ತಿದ್ದಳು, ಹಬ್ಬದ ದಿನ, ಕರೆಂಟು ಹೋದ ಸಂಜೆ. ಅಮ್ಮ ಒಮ್ಮೆಯೂ ಬಾಯಿ ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಅಜ್ಜಿಯ ನೆನಪು ಚೂರುಚೂರಾಗಿತ್ತು. ಗಂಜಿ ಕುಡಿಸುವಾಗ "ಹತ್ತುವವರು ಹತ್ತಿ" ಎಂದು ಶುರು ಮಾಡಿ ಅಲ್ಲಿಗೇ ನಿಂತು, ಮುಂದಿನ ಮಾತಿಗಾಗಿ ಅಮ್ಮನ ಬಾಯಿ ನೋಡುತ್ತಿದ್ದಳು. ಅಮ್ಮ ಚಮಚ ಮುಂದೆ ಹಿಡಿಯುತ್ತಿದ್ದಳು. ನಾನು ಮಂಚದ ಈಚೆ ಬದಿಯಲ್ಲಿ ಅಜ್ಜಿಯ ಕಾಲು ಒತ್ತುತ್ತ ಕೂತಿರುತ್ತಿದ್ದೆ. ಇಷ್ಟು ಹಗೆ ಬೇಕಾ ಅಮ್ಮ ಎಂದು ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಅಜ್ಜಿ ಹಾಗೆಯೇ ಕಾಯುತ್ತ ತೀರಿಹೋದಳು.

ಗೋದಾಮು ಈಗ ಒಂದು ರೆಸಾರ್ಟಿನ ಊಟದ ಹಾಲು. ಅಮ್ಮ ನನ್ನ ಜೊತೆ ಮಣಿಪಾಲದಲ್ಲಿ ಇದ್ದಾಳೆ. ಅವಳ ಕಿವಿ ಚುರುಕಾಗಿದೆ, ಬುದ್ಧಿ ಅದಕ್ಕಿಂತ ಚುರುಕು, ಸೊಪ್ಪಿನವನ ಹತ್ತಿರ ಇವತ್ತಿಗೂ ಚರ್ಚೆ ಮಾಡಿ ಗೆಲ್ಲುತ್ತಾಳೆ. ಕಳೆದ ತಿಂಗಳು ಇದನ್ನು ಬರೆಯಲು ಕೂತಾಗ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. ಅವಳು ನೆಲದ ಮೇಲೆ ಈಳಿಗೆಮಣೆ ಹಾಕಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಅಜ್ಜಿ ಅಷ್ಟು ಸಲ ಕೇಳಿದರೂ ಒಮ್ಮೆ ಯಾಕೆ ಹೇಳಲಿಲ್ಲ, ಅಷ್ಟೂ ವರ್ಷ ಸಿಟ್ಟಿತ್ತಾ ಎಂದೆ. ಅವಳು ತಲೆ ಎತ್ತದೆ ಉತ್ತರ ಕೊಟ್ಟಳು.

"ಸಿಟ್ಟು ಎಂತದ್ದು. ನನಗೆ ಬರ್ತಿರಲಿಲ್ಲ. ಅವಳು ಹಣೆ ಒತ್ತಿ ಹಿಡಿದಳಲ್ಲ, ಆಗಲೇ ಹೋಯಿತು. ಆಮೇಲೆ ಎಷ್ಟು ಹುಡುಕಿದರೂ ಮೊದಲಿನ ನಾಲ್ಕು ಶಬ್ದ ಬಿಟ್ಟು ಮುಂದೆ ಬರಲಿಲ್ಲ. ಮರೆತುಹೋಗಿದೆ ಅಂದರೆ ಅವಳು ಅಳ್ತಿದ್ದಳು. ಸಿಟ್ಟು ಅಂತ ತಿಳಿದುಕೊಳ್ಳಲಿ ಅಂತ ಬಿಟ್ಟೆ."

ನಾನು 'ಹತ್ತುವವರು ಹತ್ತಿ' ಎಂಬಲ್ಲಿಂದ, ಬಿಸಿಲು, ದೋಣಿಯ ತಳದ ನೀರು, ಆಳವಾಗದ ಹೊಳೆ, 'ನನ್ನ ಕೈ ಮಾತ್ರ' ಎಂಬಲ್ಲಿಯವರೆಗೆ, ಎಲ್ಲಿಯೂ ತಡವರಿಸದೆ, ಜೀವನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಕೇಳುವಂತೆ ಅದನ್ನು ಹೇಳಿದೆ. ಅಮ್ಮನ ಈಳಿಗೆಮಣೆಯ ಸದ್ದು ನಿಂತಿತು. ಅರ್ಧ ಹೆಚ್ಚಿದ ತೊಂಡೆಕಾಯಿ ಅವಳ ಕೈಯಲ್ಲೇ ಇತ್ತು. ಅವಳು ಬಹಳ ಹೊತ್ತು ಆ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಿನಗೆ ಬರ್ತಿತ್ತಾ? ಹಾಗಾದರೆ ಅವಳಿಗೆ ನೀನಾದರೂ ಹೇಳಬಹುದಿತ್ತಲ್ಲ ಮಗಾ. ಪಕ್ಕದಲ್ಲೇ ಕೂತಿದ್ದಿ."